ವಾಸನೆಯಿಲ್ಲದ ಮೀನು

ಅರಸೀಕೆರೆಯ ಸಂತೆಗೆ ಕಡಲು ಬರುತ್ತಿದ್ದದ್ದು ಒಣಮೀನಾಗಿ. ನಮ್ಮವ್ವ ಕೂಲಿ ದುಡ್ಡಲ್ಲಿ ಅದನ್ನು ತಂದು ಕೆಂಡದ ಮೇಲೆ ಸುಟ್ಟರೆ ಇಡೀ ಕೇರಿಗೇ ಗೊತ್ತಾಗುತ್ತಿತ್ತು. ಆ ವಾಸನೆ ಅಂಗಿಗೆ ಹತ್ತಿದೆಯೆಂದು ಮೇಷ್ಟ್ರೊಬ್ಬರು ನನ್ನನ್ನು ಬಾಗಿಲ ಬಳಿ ಗಾಳಿಗೆ ಕೂರಿಸಿದರು. ಅವರು ಜಾತಿ ಕೇಳಲಿಲ್ಲ. ಅವರ ಮೂಗೇ ಕೇಳಿಕೊಂಡಿತ್ತು.

ಇಟಲಿಯ ರೊಬೆರ್ತೊ ರೊಸೆಲಿನಿ 1957ರಲ್ಲಿ ಭಾರತ ಸುತ್ತಿ ತೆಗೆದ ಸಾಕ್ಷ್ಯಚಿತ್ರಗಳನ್ನು ನೋಡುವಾಗ ಆ ಬಾಗಿಲು ನೆನಪಾಯಿತು. 1959ರಲ್ಲಿ ಇಟಲಿಯ ಟಿ.ವಿ.ಯಲ್ಲಿ ಹತ್ತು ಕಂತುಗಳಾಗಿ ಬಂದ ಈ ಮಾಲಿಕೆಯ ಒಂದು ಕಂತು ಮುಂಬಯಿಯ ವರ್ಸೋವಾದ್ದು, ಕೋಲಿ ಸಮುದಾಯದ ಮೀನುಗಾರರ ಊರು. ಇನ್ನೊಂದು ಮಲಬಾರಿನ ಹಿನ್ನೀರಿನದು. ಮೊದಲ ಕಂತಿನ ಹೆಸರೇ 'ಪುರಾಣಗಳಿಲ್ಲದ ಭಾರತ'. ಹಾವಾಡಿಗ, ಮಹಾರಾಜರನ್ನು ಬಿಟ್ಟು ದುಡಿಯುವವರ ದಿನಚರಿಯ ಕಡೆ ತಿರುಗಿದ ಈ ನೋಟ ಸಣ್ಣದೇನಲ್ಲ. ಅಲ್ಲಿ ಕನಿಕರದ ಹೊಲಸೂ ಇಲ್ಲ.

ಆದರೆ ಮಾತಾಡುವವರು ಯಾರು? ರೊಸೆಲಿನಿ ಸ್ಟುಡಿಯೋದಲ್ಲಿ ಕೂತು ಪತ್ರಕರ್ತ ಮಾರ್ಕೊ ಚೆಸರೀನಿ ಸ್ಫೋರ್ತ್ಸಾಗೆ ವಿವರಿಸುತ್ತಾನೆ. ಪರದೆಯ ಮೇಲೆ ಮೀನುಗಾರರು ದುಡಿಯುತ್ತಾರೆ. ಕೈ ಅವರದು, ಬಾಯಿ ಇವರದು.

ಈ ಹಂಚಿಕೆ ನಮ್ಮ ಸೀಮೆಗೆ ಹೊಸದಲ್ಲ. 1117ರ ಬೇಲೂರಿನ ಗುಡಿಯಲ್ಲಿ ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ಕಲ್ಲಿನ ಮೇಲೆ ತಮ್ಮ ಹೆಸರು ಕೊರೆದಿದ್ದಾರೆ. ಕಸುಬಿನವರು ಹೆಸರು ಉಳಿಸಿಕೊಂಡದ್ದು ದೊಡ್ಡ ಮಾತೇ. ಆದರೆ ಹಳೇಬೀಡಿನ ಗೋಡೆಯ ಆನೆಸಾಲಿನ ಮುಂದೆ ನಿಂತು ಅವ್ವ ಕೇಳಿದ್ದು ಬೇರೆ: "ಇಷ್ಟೊಂದು ಕಲ್ಲ ಹೊತ್ತೋರು ಯಾರ್ಲಾ ಮಗ?" 2023ರಲ್ಲಿ ಈ ಗುಡಿಗಳು ಯುನೆಸ್ಕೋ ಪಟ್ಟಿ ಸೇರಿದವು. ಅವ್ವನ ಪ್ರಶ್ನೆ ಯಾವ ಪಟ್ಟಿಗೂ ಸೇರಲಿಲ್ಲ.

ಕೋಲಿಗಳ ಪಾಡೂ ನಮ್ಮ ಪಾಡೂ ಒಂದೇ ಎಂದು ನಾನು ಹೇಳುತ್ತಿಲ್ಲ. ನನ್ನ ತಕರಾರು ನೋಡುವ ರೀತಿಯದು. ಕ್ಯಾಮೆರಾಕ್ಕೆ ಕಣ್ಣಿದೆ, ಮೂಗಿಲ್ಲ. ಅದಕ್ಕೇ ಪರದೆಯ ಮೀನು ಎಲ್ಲರಿಗೂ ಚೆಂದ. ನನ್ನ ಮೇಷ್ಟ್ರೂ ಆ ಚಿತ್ರ ನೋಡಿದ್ದರೆ ಮೆಚ್ಚುತ್ತಿದ್ದರು. ಮೆಚ್ಚಿ, ನನ್ನನ್ನು ಬಾಗಿಲ ಬಳಿಯೇ ಕೂರಿಸುತ್ತಿದ್ದರು. ದುಡಿಮೆಯನ್ನು ಹೊಗಳುತ್ತಲೇ ದುಡಿದವರನ್ನು ದೂರ ಇಡಬಹುದು. ನಮ್ಮ ಸೌಂದರ್ಯಮೀಮಾಂಸೆ ಇದನ್ನು ಬಹುಕಾಲದಿಂದ ಮಾಡಿಕೊಂಡು ಬಂದಿದೆ.

ಹಾಗಂತ ದಲಿತ ವಿಮರ್ಶೆ ಈ ಚಿತ್ರವನ್ನು ತಿಪ್ಪೆಗೆ ಎಸೆಯಬೇಕಿಲ್ಲ. ಆ ಕೈಗಳ ಚಿತ್ರ ಬೇರೆಲ್ಲಿ ಸಿಕ್ಕೀತು? ನಾನು ಸ್ಟುಡಿಯೋದ ಮಾತು ಅಡಗಿಸಿ ವರ್ಸೋವಾವನ್ನು ಇನ್ನೊಮ್ಮೆ ನೋಡಿದೆ. ಆಗ ಅವ್ವನ ಕೆಂಡದ ಮೇಲಿನ ಮೀನು ಘಮ್ಮೆಂದಿತು. ವಿಮರ್ಶೆ ಶುರುವಾಗಬೇಕಾದ್ದು ಅಲ್ಲಿಂದ.