ಕಡ್ಡಿ ಪೈಲ್ವಾನರ ಪರವಾಗಿ

2025ರ ಜುಲೈ 5ರಂದು ಬೆಂಗಳೂರಿನ ಕಂಠೀರವ ಸ್ಟೇಡಿಯಂನಲ್ಲಿ ನೀರಜ್ ಚೋಪ್ರಾ ಕ್ಲಾಸಿಕ್ ನಡೀತಲ್ಲ, ಅದರ ಫೋಟೋಗಳನ್ನ ಜಾವೆಲಿನ್ ಗೊತ್ತಿಲ್ಲದವರಿಗೆ ತೋರಿಸಿ, ಯಾರು ಎಷ್ಟು ದೂರ ಎಸೆದಿರಬಹುದು ಅಂತ ಕೇಳಿ. ಕೀನ್ಯಾದ ಜೂಲಿಯಸ್ ಯೆಗೊನನ್ನ ಯಾರೂ ಎರಡನೇ ಸ್ಥಾನಕ್ಕೆ ಹಾಕಲ್ಲ. ವಯಸ್ಸು 36, ಎತ್ತರ 1.75 ಮೀಟರ್. ಎಸೆದದ್ದು 84.51 ಮೀಟರ್, ಗೆದ್ದ ನೀರಜ್‌ದು 86.18. ಯೂಟ್ಯೂಬ್ ನೋಡಿ ಜಾವೆಲಿನ್ ಕಲಿತ ಇದೇ ಯೆಗೊ 2015ರಲ್ಲಿ ಬೀಜಿಂಗ್‌ನಲ್ಲಿ 92.72 ಮೀಟರ್ ಎಸೆದು ವಿಶ್ವ ಚಾಂಪಿಯನ್ ಆಗಿದ್ದ.

ಆದ್ರೂ ನಮ್ಮ ರೀಲ್ಸು, ಕಾಮೆಂಟ್ರಿ, ಜಿಮ್ ಪಂಡಿತರು ಎಲ್ಲರದೂ ಒಂದೇ ರಾಗ: ಆ ಭುಜ ನೋಡಿ, ಆ ತೋಳು ನೋಡಿ! ನಮ್ಮ ಮುಳಬಾಗಿಲು ಕಡೆ ಆವಣಿ ಜಾತ್ರೆಯಲ್ಲಿ ಎತ್ತು ಕೊಳ್ಳೋನು ಕೂಡ ಬರೀ ಮೈಕಟ್ಟು ನೋಡಿ ದುಡ್ಡು ಎಣಿಸಲ್ಲ. ಹಲ್ಲು ನೋಡ್ತಾನೆ, ನಾಲ್ಕು ಹೆಜ್ಜೆ ನಡೆಸಿ ನೋಡ್ತಾನೆ.

ಮೈಕಟ್ಟು ಏನೂ ಹೇಳಲ್ಲ ಅಂತಲ್ಲ. ಗಂಡಸರ ಗುಂಡು ಎಸೆತದ ಗುಂಡು 7.26 ಕೆಜಿ, ಅಲ್ಲಿ ದೇಹದ ತೂಕವೇ ಬಂಡವಾಳ. ಜಾವೆಲಿನ್ ಬರೀ 800 ಗ್ರಾಂ. ಅದು 90 ಮೀಟರ್ ಹೋಗಬೇಕಂದ್ರೆ ಕೈ ಬಿಡುವಾಗ ಸೆಕೆಂಡಿಗೆ ಸುಮಾರು 30 ಮೀಟರ್ ವೇಗ ಬೇಕು. ಆ ವೇಗ ತೋಳಲ್ಲಿ ಹುಟ್ಟೋದಲ್ಲ. ಓಡಿ ಬಂದು ಮುಂದಿನ ಕಾಲನ್ನ ನೆಟ್ಟಗೆ ಊರಿ ಗಕ್ಕನೆ ಬ್ರೇಕ್ ಹಾಕಿದಾಗ, ಓಟದ ಶಕ್ತಿ ಸೊಂಟಕ್ಕೆ, ಎದೆಗೆ, ಭುಜಕ್ಕೆ, ಕೊನೆಗೆ ಮೊಣಕೈಗೆ ದಾಟುತ್ತೆ, ಚಾಟಿ ಬೀಸಿದ ಹಾಗೆ. ಮೊಣಕಾಲು ಸ್ವಲ್ಪ ಕುಸಿದರೂ ಮುಗೀತು, ತೋಳು ಎಷ್ಟೇ ದಪ್ಪ ಇರಲಿ. ಈ ಟೈಮಿಂಗು ಫೋಟೋದಲ್ಲಿ ಕಾಣಲ್ಲ. ಲ್ಯಾಪ್‌ಟಾಪ್ ಮುಚ್ಚಳ ನೋಡಿ ಪ್ರೊಸೆಸರ್ ಸ್ಪೀಡ್ ಹೇಳೋಕಾಗುತ್ತಾ?

ಮಾಲೂರಿನ ಇಟ್ಟಿಗೆ ಗೂಡುಗಳಲ್ಲಿ ಲಾರಿಗೆ ಲೋಡ್ ಮಾಡೋರನ್ನ ನೋಡಿದವರಿಗೆ ಇದು ಹೊಸದಲ್ಲ. ಬಡಕಲು ಮೈ, ಆದರೆ ಇಟ್ಟಿಗೆ ಸರಿಯಾಗಿ ಮೇಲಿರೋನ ಕೈಗೇ ಹೋಗಿ ಕೂರುತ್ತೆ. ಶ್ರೀನಿವಾಸಪುರದ ತೋಪುಗಳಲ್ಲಿ ಕಲ್ಲು ಹೊಡೆದು ತುದಿಕೊಂಬೆಯ ಮಾವು ಬೀಳಿಸೋ ಹುಡುಗರಲ್ಲೂ ಕಡ್ಡಿ ಪೈಲ್ವಾನರೇ ಜಾಸ್ತಿ.

ರೀಲ್ಸ್ ಬಿಡಿ, ಲೈಕಿಗೋಸ್ಕರ ಮಾಡ್ತಾರೆ. ನನ್ನ ತಕರಾರು ಇರೋದು ಶಾಲೆ ಬಗ್ಗೆ. ಕ್ರೀಡಾಕೂಟಕ್ಕೆ ಹೆಸರು ಬರೆಸೋವಾಗ "ನೀನು ದಪ್ಪ ಇದೀಯ, ಗುಂಡು ಎಸಿ, ನೀನು ಸಣ್ಣ, ಓಡು" ಅಂತ ಮೈ ನೋಡಿ ಹಂಚಿಬಿಡ್ತಾರೆ. ಖೇಲೋ ಇಂಡಿಯಾದ ಶಾಲಾ ಫಿಟ್‌ನೆಸ್ ಪರೀಕ್ಷೆಯಾದ್ರೂ ಇದನ್ನ ಸರಿಮಾಡುತ್ತಾ ಅಂದ್ರೆ, ದೊಡ್ಡ ಮಕ್ಕಳಿಗೆ ಅಲ್ಲಿರೋದು ಬಿಎಂಐ, 50 ಮೀಟರ್ ಮತ್ತು 600 ಮೀಟರ್ ಓಟ, ಪುಶ್‌ಅಪ್, ಕರ್ಲ್‌ಅಪ್, ಕೂತು ಕೈ ಚಾಚೋದು. ಒಂದೇ ಒಂದು ಎಸೆತ ಇಲ್ಲ, ನಿಂತಲ್ಲಿಂದ ಜಿಗಿಯೋದೂ ಇಲ್ಲ. ಆರೋಗ್ಯ ಅಳೆಯೋಕೆ ಸಾಕು. ಆದರೆ ಸ್ಫೋಟಕ ಶಕ್ತಿ ಇರೋ ಮಗು ಇದರಲ್ಲಿ ಸಿಕ್ಕಿಬೀಳಲ್ಲ. ನೀರಜ್‌ನನ್ನ ಮನೆಯವರು ಪಾಣಿಪತ್ ಸ್ಟೇಡಿಯಂಗೆ ಕಳಿಸಿದ್ದೇ ದಪ್ಪ ಇದಾನೆ, ತೂಕ ಇಳೀಲಿ ಅಂತ. ಅಲ್ಲಿ ಜಾವೆಲಿನ್ ಕೈಗೆ ಸಿಗದೇ ಹೋಗಿದ್ರೆ?

ಇದಕ್ಕೆ ದೊಡ್ಡ ಖರ್ಚೂ ಇಲ್ಲ. ಒಂದು ಕ್ರಿಕೆಟ್ ಬಾಲು, ಒಂದು ಅಳತೆ ಟೇಪು. ಪ್ರತಿ ಮಗುವಿಗೂ, ಹುಡುಗಿಯರಿಗೂ, ಮೂರು ಮೂರು ಎಸೆತ. ಅರ್ಧ ದಿನದಲ್ಲಿ ಒಂದು ಹೈಸ್ಕೂಲೇ ಮುಗಿಯುತ್ತೆ.