ಕುದುರೆಗೆ ನಾಚಿಕೆಯಾದದ್ದೇಕೆ?

ಎಂ.ಎ. ಓದುವಾಗ ನಮಗೆ ರಷ್ಯನ್ ರೂಪನಿಷ್ಠ ವಿಮರ್ಶೆಯ ಪಾಠವಿತ್ತು. ವಿಕ್ಟರ್ ಶ್ಕ್ಲೋವ್‌ಸ್ಕಿಯ 1917ರ ಪ್ರಬಂಧ, ಅದರಲ್ಲಿ ಬರುವ 'ಅಪರಿಚಿತೀಕರಣ', ಅದಕ್ಕೆ ಉದಾಹರಣೆಯಾಗಿ ಟಾಲ್‌ಸ್ಟಾಯ್‌ನ 'ಖೋಲ್ಸ್ತೊಮೆರ್' ಕತೆಯ ಒಂದು ತುಣುಕು. ಮನುಷ್ಯರು ಆಡುವ 'ನನ್ನದು' ಎಂಬ ಮಾತಿನ ತಲೆಬುಡ ತಿಳಿಯದೆ ಒಂದು ಕುದುರೆ ಬೆರಗಾಗುವ ಭಾಗ ಅದು. ಕುದುರೆಯ ಕಣ್ಣಿನಿಂದ ನೋಡಿದಾಗ ಖಾಸಗಿ ಆಸ್ತಿ ಎಷ್ಟು ವಿಚಿತ್ರವಾಗಿ ಕಾಣುತ್ತದೆ ಎಂದು ಎರಡು ಪುಟ ಬರೆದು ನಾನು ಒಳ್ಳೆಯ ಅಂಕವನ್ನೇ ತೆಗೆದುಕೊಂಡೆ. ಕತೆಯನ್ನು ಮಾತ್ರ ಓದಿರಲಿಲ್ಲ. ಓದಬೇಕೆಂದು ತರಗತಿಯಲ್ಲಿ ಯಾರಿಗೂ ಅನ್ನಿಸಿರಲಿಲ್ಲ. ಪರೀಕ್ಷೆಗೆ ಬೇಕಾದಷ್ಟು ಕುದುರೆ ಜೆರಾಕ್ಸ್ ಹಾಳೆಯಲ್ಲೇ ಇತ್ತು.

ಪಿಎಚ್‌.ಡಿ.ಗೆ ಸೇರಿದ ಮೇಲೆ, ಅಧ್ಯಾಯವೊಂದರ ಅಗತ್ಯಕ್ಕಾಗಿ ಕತೆಯನ್ನು ಇಂಗ್ಲಿಷ್‌ನಲ್ಲಿ ಪೂರ್ತಿ ಓದಿದೆ. ಪ್ರಸಿದ್ಧವಾದ ಆಸ್ತಿಯ ಭಾಗ ಸಲೀಸಾಗಿ ದಾಟಿಹೋಯಿತು. ನಾನು ಸಿಕ್ಕಿಬಿದ್ದದ್ದು ಬೇರೆ ಕಡೆ. ಯಜಮಾನ ಅವಸರದಲ್ಲಿದ್ದಾನೆ, ಕುದುರೆಗೆ ಚಾಟಿಯೇಟು ಬೀಳುತ್ತದೆ, ಅದು ಇನ್ನೂ ಜೋರಾಗಿ ಓಡುತ್ತದೆ, ಮತ್ತು ಅದಕ್ಕೆ ನಾಚಿಕೆಯಾಗುತ್ತದೆ. ನೋವಲ್ಲ, ಸಿಟ್ಟಲ್ಲ, ನಾಚಿಕೆ. ಜೋರಾಗಿ ಓಡಿದ್ದಕ್ಕೆ ಕುದುರೆ ಏಕೆ ನಾಚಬೇಕು? ಆ ಸಾಲಿನ ಪಕ್ಕ ಪೆನ್ಸಿಲ್ಲಿನಲ್ಲಿ ಪ್ರಶ್ನಾರ್ಥಕ ಚಿಹ್ನೆ ಹಾಕಿ ಬಹಳ ದಿನ ಬಿಟ್ಟಿದ್ದೆ.

ಉತ್ತರ ಸಿಕ್ಕಿದ್ದು ಸಾಹಿತ್ಯ ಸಿದ್ಧಾಂತದ ಪುಸ್ತಕದಲ್ಲಲ್ಲ, ಕುದುರೆಯ ತಳಿಗಳ ಬಗೆಗಿನ ಬರಹಗಳಲ್ಲಿ. ಖೋಲ್ಸ್ತೊಮೆರ್ ಬರೀ 'ಒಂದು ಕುದುರೆ' ಅಲ್ಲ, ಓರ್ಲೋವ್ ಟ್ರಾಟರ್. ಕೌಂಟ್ ಅಲೆಕ್ಸೇಯ್ ಓರ್ಲೋವ್ 18ನೆಯ ಶತಮಾನದ ಕೊನೆಯಲ್ಲಿ ವೊರೊನೆಝ್ ಪ್ರಾಂತ್ಯದ ಖ್ರೆನೊವೊಯೆ ಅಶ್ವಶಾಲೆಯಲ್ಲಿ ಬೆಳೆಸಿದ ತಳಿ ಅದು. ಸ್ಮೆತಾಂಕಾ ಎಂಬ ಅರಬ್ಬೀ ಗಂಡುಕುದುರೆ ಅದರ ಮೂಲಪುರುಷ. ಈ ತಳಿಯ ಹೆಚ್ಚುಗಾರಿಕೆ ಇರುವುದು ಟ್ರಾಟ್ ಎಂಬ ನಡೆಯಲ್ಲಿ. ಟ್ರಾಟ್‌ನಲ್ಲಿ ಕುದುರೆ ಎದುರುಬದುರು ಮೂಲೆಯ ಕಾಲುಗಳನ್ನು ಜೋಡಿಯಾಗಿ ಎತ್ತಿಡುತ್ತದೆ: ಮುಂದಿನ ಎಡಗಾಲು ಹಿಂದಿನ ಬಲಗಾಲಿನ ಜೊತೆ, ಆಮೇಲೆ ಇನ್ನೊಂದು ಜೋಡಿ. ಎರಡೇ ಹೆಜ್ಜೆಸದ್ದು. ಅದಕ್ಕಿಂತ ಜೋರಾದದ್ದು ನಾಲ್ಕು ಕಾಲೂ ಬೇರೆಬೇರೆಯಾಗಿ ನೆಲ ಮುಟ್ಟುವ ಓಟ. ನಮ್ಮ 'ನಾಗಾಲೋಟ' ಎಂಬ ಪದದಲ್ಲೇ ಆ ನಾಲ್ಕು ಕಾಲುಗಳಿವೆ, ಗಮನಿಸಿ.

ಟ್ರಾಟರ್‌ಗಳ ಪಂದ್ಯದಲ್ಲಿ ಗಾಡಿ ಎಳೆಯುವ ಕುದುರೆ ಎಷ್ಟೇ ವೇಗವಾಗಿ ಹೋಗಲಿ, ಟ್ರಾಟ್ ಬಿಡಬಾರದು. ಗತಿ ಮುರಿದು ನಾಗಾಲೋಟಕ್ಕೆ ಬಿದ್ದರೆ ಅದು ತಪ್ಪು. ಸಾರಥಿ ತಕ್ಷಣ ಲಗಾಮು ಹಿಡಿದು ಗತಿಗೆ ತರಬೇಕು, ಮುರಿದ ಗತಿಯಿಂದ ಮುಂದೆ ಸಾಗಿದ್ದರೆ ಗೆಲುವು ಸಲ್ಲುವುದಿಲ್ಲ. ಕುದುರೆಯ ಹೆಸರಿನಲ್ಲೂ ಈ ನಡೆಯೇ ಇದೆ. ವಂಶಾವಳಿಯಲ್ಲಿ ಅವನು ಮೊದಲನೆಯ ಮುಝಿಕ್. ಖೋಲ್ಸ್ತೊಮೆರ್, ಅಂದರೆ ಬಟ್ಟೆ ಅಳೆಯುವವ, ಎಂಬುದು ಅಡ್ಡಹೆಸರು. ಅಂಗಡಿಯವನು ಎರಡೂ ಕೈ ಚಾಚಿ ಮಾರುಮಾರು ಬಟ್ಟೆ ಅಳೆಯುವ ಹಾಗೆ ನೆಲವನ್ನು ಅಳೆಯುತ್ತಾ ಹೋಗುವ ನೀಳ ಹೆಜ್ಜೆಗೆ ಜನ ಕೊಟ್ಟ ಹೆಸರು.

ಈಗ ಆ ಸಾಲಿಗೆ ಮರಳಿ. ಹುಸಾರ್ ಅಧಿಕಾರಿ ಸೆರ್ಪುಖೊವ್‌ಸ್ಕೊಯ್‌ನ ಪ್ರೇಯಸಿ ಅವನನ್ನು ಬಿಟ್ಟು ಇನ್ನೊಬ್ಬನ ಜೊತೆ ಹೋಗಿದ್ದಾಳೆ. ಅವಳ ಬೆನ್ನುಹತ್ತಲು ಅವನು ಖೋಲ್ಸ್ತೊಮೆರ್‌ನನ್ನು 25 ವರ್ಸ್ತ್, ಹೆಚ್ಚುಕಡಿಮೆ 27 ಕಿಲೋಮೀಟರ್, ಓಡಿಸುತ್ತಾನೆ. ಆ ಕುದುರೆಯ ಮೈಮೇಲೆ ಹಿಂದೆಂದೂ ಬೀಳದ ಚಾಟಿ ಬೀಳುತ್ತದೆ. ಬದುಕಿನಲ್ಲಿ ಮೊದಲ ಬಾರಿ ಅವನ ಗತಿ ಮುರಿಯುತ್ತದೆ. ನಾಚಿಕೆಯಾಗುತ್ತದೆ. ಸರಿಪಡಿಸಿಕೊಳ್ಳಲು ಹೊರಡುತ್ತಾನೆ, ಅಷ್ಟರಲ್ಲಿ ಯಜಮಾನ ತನ್ನದಲ್ಲದ ದನಿಯಲ್ಲಿ ಕೂಗುತ್ತಾನೆ: ಹೊಡಿ! ಮೈಯ ಬಣ್ಣ, ಗಂಡಸುತನ, ಜೊತೆಗಾರರು, ಎಲ್ಲವೂ ಹೋದಮೇಲೆ ಆ ಕುದುರೆಗೆ ಉಳಿದಿದ್ದ ಒಂದೇ ಮರ್ಯಾದೆ ಆ ನಡೆ. ಅದನ್ನು ಕಲಿಸಿದ ಮನುಷ್ಯರೇ ಅದನ್ನು ಮುರಿಯಿರಿ ಎನ್ನುತ್ತಿದ್ದಾರೆ. ಇಡೀ ಕತೆಯ ದುರಂತ ನನಗೆ ಇಲ್ಲಿ ಕಾಣುತ್ತದೆ. ಟಾಲ್‌ಸ್ಟಾಯ್ ಇದಕ್ಕೆ ಒಂದು ವಾಕ್ಯವನ್ನಷ್ಟೇ ಕೊಟ್ಟಿದ್ದಾನೆ, ಏನನ್ನೂ ವಿವರಿಸಿಲ್ಲ. 1886ರ ಓದುಗರಿಗೆ ವಿವರಿಸಬೇಕಾಗಿಯೂ ಇರಲಿಲ್ಲ.

ಇದರ ಬೆನ್ನಿಗೇ ಇನ್ನೊಂದು ಇಂಥದೇ ಜಾಗವಿದೆ. ಆ ರಾತ್ರಿಯೆಲ್ಲ ಕುದುರೆ ನಡುಗುತ್ತದೆ, ಮೇವು ಮುಟ್ಟುವುದಿಲ್ಲ. ಬೆಳಿಗ್ಗೆ ನೀರು ಕೊಡುತ್ತಾರೆ, ಕುಡಿಯುತ್ತದೆ, ಅಲ್ಲಿಗೆ ಅದು ಮೊದಲಿನ ಕುದುರೆಯಾಗಿ ಉಳಿಯುವುದಿಲ್ಲ. ಗೊರಸು ಕಳಚುತ್ತದೆ, ಕಾಲು ಬಾಗುತ್ತದೆ, ಎದೆ ಕುಸಿಯುತ್ತದೆ. ದಣಿದು ಬಿಸಿಯಾದ ಕುದುರೆಗೆ ತಪ್ಪು ಹೊತ್ತಿನಲ್ಲಿ ನೀರು ಕುಡಿಸಿದರೆ ಕಾಲು ಹೋಗುತ್ತದೆ ಎಂಬುದು ಕುದುರೆ ಸಾಕುವವರ ಹಳೆಯ ನಂಬಿಕೆ. ಇಂದಿನ ಪಶುವೈದ್ಯರು ಗೊರಸಿನೊಳಗಿನ ಪದರ ಉರಿಯೂತಗೊಳ್ಳುವ ಈ ರೋಗಕ್ಕೆ ಬೇರೆ ಕಾರಣಗಳನ್ನೂ ಹೇಳುತ್ತಾರೆ, ಅದಿರಲಿ. ಖೋಲ್ಸ್ತೊಮೆರ್ ರೋಗದ ಹೆಸರು ಹೇಳುವುದಿಲ್ಲ, ಕುದುರೆಗೆ ಅದು ಗೊತ್ತಿರುವುದೂ ಇಲ್ಲ. ನೀರು ಎಂಬ ಪದ ಕಂಡೊಡನೆ ಅಯ್ಯೋ ಎನ್ನಬೇಕಾದವನು ಓದುಗ.

ಶ್ಕ್ಲೋವ್‌ಸ್ಕಿಯ ಸಿದ್ಧಾಂತದೊಂದಿಗೆ ನನ್ನ ತಕರಾರು ಹುಟ್ಟುವುದು ಇಲ್ಲೇ. ರೂಢಿಯಿಂದ ಮಂಕಾದ ವಸ್ತುವನ್ನು ಕಲೆ ಅಪರಿಚಿತಗೊಳಿಸಿ ಮತ್ತೆ ಕಾಣಿಸುತ್ತದೆ ಎಂದು ಆತ ಹೇಳಿದ. ಒಪ್ಪೋಣ. ಆದರೆ ಅಪರಿಚಿತಗೊಳ್ಳಬೇಕಾದರೆ ಅದು ಮೊದಲು ಪರಿಚಿತವಾಗಿರಬೇಕಲ್ಲ? ದಿನ ಬೆಳಗಾದರೆ ಕುದುರೆಗಾಡಿ ಹತ್ತುತ್ತಿದ್ದ ಓದುಗನಿಗೆ ಆ ಕುದುರೆ ಬಾಯಿಬಿಟ್ಟು ಮಾತಾಡಿದಾಗ ಆಗುವ ದಿಗಿಲು, ಕುದುರೆಯನ್ನು ಮದುವೆ ಮೆರವಣಿಗೆಯಲ್ಲೋ ಮೈಸೂರು ದಸರೆಯಲ್ಲೋ ದೂರದಿಂದ ಕಂಡ ನನಗೆ ಆಗುವುದಿಲ್ಲ. ನನಗೆ ಕುದುರೆ ಮೊದಲೇ ಅಪರಿಚಿತ. ಅದಕ್ಕೇ ಇರಬೇಕು, ಈ ಕತೆಯಿಂದ ನಾವು ಆಸ್ತಿಯ ಚರ್ಚೆಯನ್ನಷ್ಟೇ ಹೆಕ್ಕಿಕೊಂಡದ್ದು. ಅದನ್ನು ಓದಲು ಕುದುರೆ ಗೊತ್ತಿರಬೇಕಿಲ್ಲ.

ಕುದುರೆಯ ಬದಲು ಎತ್ತು ಮಾತಾಡಿದ್ದರೆ? ನಮ್ಮ ತಾತ ಘಾಟಿ ಸುಬ್ರಹ್ಮಣ್ಯದ ದನಗಳ ಜಾತ್ರೆಯಲ್ಲಿ ಎತ್ತಿನ ತುಟಿ ಮಡಚಿ ಹಲ್ಲು ನೋಡುತ್ತಿದ್ದರು: ಎರಡು ಹಲ್ಲು, ನಾಲ್ಕು ಹಲ್ಲು, ಬಾಯಿಗೂಡಿದ್ದು. ಆಮೇಲೆ ಸುಳಿ. ಕಟ್ಟುಮಸ್ತಾದ ಹೋರಿಯೂ ಸುಳಿ ಸರಿಯಿಲ್ಲವೆಂದರೆ ಅರ್ಧ ಬೆಲೆಗೆ ಇಳಿಯುತ್ತಿತ್ತು. ಮೈಮೇಲಿನ ಕೂದಲು ಹೇಗೆ ತಿರುಗಿದೆ ಎಂಬುದರಿಂದ ಒಂದು ಪ್ರಾಣಿಯ ಹಣೆಬರಹ ತೀರ್ಮಾನವಾಗುವುದನ್ನು ನಾನು ಕಂಡಿದ್ದೇನೆ. ಆ ನೆನಪಿನ ದಾರಿಯಿಂದಲೇ ಖೋಲ್ಸ್ತೊಮೆರ್‌ನ ಮಚ್ಚೆಗಳು ನನಗೆ ಅರ್ಥವಾದವು. ಅವನ ತಪ್ಪು ಅಷ್ಟೇ: ದೊಡ್ಡ ವಂಶದಲ್ಲಿ ಕಪ್ಪುಬಿಳಿ ಮಚ್ಚೆ ಹೊತ್ತು ಹುಟ್ಟಿದ್ದು. ಅದಕ್ಕಾಗಿ ಅವನನ್ನು ಅಶ್ವಶಾಲೆಯ ಮೇಲ್ವಿಚಾರಕನಿಗೆ ಕೊಟ್ಟುಬಿಡುತ್ತಾರೆ. ಅದಕ್ಕಾಗಿಯೇ ಬೀಜ ಒಡೆಯುತ್ತಾರೆ, ಮಚ್ಚೆ ಮುಂದಿನ ಪೀಳಿಗೆಗೆ ದಾಟಬಾರದು. ಕೌಂಟನ ಕುದುರೆಯನ್ನು ಹಿಂದೆ ಹಾಕಿದ್ದಕ್ಕೆ, ಸುದ್ದಿ ಕೌಂಟನ ಕಿವಿಗೆ ಬಿದ್ದೀತೆಂಬ ಹೆದರಿಕೆಯಿಂದ ಮಾರಿಬಿಡುತ್ತಾರೆ. ನನ್ನ ಹಳೆಯ ನೋಟ್ಸ್‌ನಲ್ಲಿ ಇದೆಲ್ಲ 'ಒಂದು ಮುದಿ ಕುದುರೆ' ಎಂಬ ಮೂರು ಪದಗಳಲ್ಲಿ ಮುಗಿದಿದೆ. ಬೀಜ ಒಡೆದದ್ದರ ಸುದ್ದಿಯೇ ಇಲ್ಲ. ಹೋರಿಗೂ ಎತ್ತಿಗೂ ಇರುವ ವ್ಯತ್ಯಾಸ ಬಿಟ್ಟು ಎತ್ತಿನ ಕತೆ ಹೇಳಿದ ಹಾಗಾಯಿತು.

ಇನ್ನೊಂದು ಮಾತನ್ನೂ ಹೇಳಿಬಿಡುತ್ತೇನೆ. ಎಲ್ಲರೂ ಉದ್ಧರಿಸುವ ಆಸ್ತಿಯ ಭಾಗ ನನ್ನ ಮಟ್ಟಿಗೆ ಕತೆಯ ದುರ್ಬಲ ಭಾಗ. ಅಲ್ಲಿ ಮಾತಾಡುತ್ತಿರುವುದು ಕುದುರೆಯಲ್ಲ, ಕುದುರೆಯ ಬೆನ್ನೇರಿದ ಟಾಲ್‌ಸ್ಟಾಯ್. 1863ರಲ್ಲಿ ಬರೆಯತೊಡಗಿ, ಸುಮಾರು ಎರಡು ದಶಕ ಬದಿಗಿಟ್ಟು, ಮತ್ತೆ ಕೈಗೆತ್ತಿಕೊಂಡ ಕತೆ ಇದು. ಅಷ್ಟರಲ್ಲಿ ಆತ ಆಸ್ತಿಯನ್ನೇ ಪಾಪವೆಂದು ಕಾಣತೊಡಗಿದ್ದ. ಹಾಗೆಂದು ಶ್ಕ್ಲೋವ್‌ಸ್ಕಿಯನ್ನು ಪೂರ್ತಿ ದೂರುವಂತಿಲ್ಲ. ಕುದುರೆ ಸತ್ತ ಮೇಲೂ, ಇನ್ನು ಅಗತ್ಯವಿಲ್ಲದಿದ್ದರೂ, ಕತೆ ಅದೇ ಕಣ್ಣಿನಿಂದ ನೋಡುತ್ತಾ ಹೋಗುತ್ತದೆ ಎಂಬುದನ್ನು ಆತನೇ ಗುರುತಿಸಿದ. ತೋಳದ ಮರಿಗಳು ಕುದುರೆಯ ಮಾಂಸ ತಿನ್ನುತ್ತವೆ, ರೈತನೊಬ್ಬ ಮೂಳೆಗಳನ್ನು ಒಯ್ದು ಬಳಸಿಕೊಳ್ಳುತ್ತಾನೆ. ಸೆರ್ಪುಖೊವ್‌ಸ್ಕೊಯ್‌ನ ಹೆಣ ಮಾತ್ರ ಯಾರಿಗೂ ಬೇಡ. ಈ ಹೋಲಿಕೆ ಸ್ವಲ್ಪ ಉಪದೇಶದ ಕಡೆ ವಾಲಿದ್ದರೂ ಮರೆಯಲಾಗುವುದಿಲ್ಲ.

ಕುದುರೆಯ ತಿಳಿವಳಿಕೆ ಇದ್ದರೆ ಸಾಕು ಎಂದು ನಾನು ವಾದಿಸುತ್ತಿರುವ ಹಾಗೆ ಕೇಳಿಸಬಹುದು. ಆ ವಾದವನ್ನು ಕತೆಯೇ ಒಪ್ಪುವುದಿಲ್ಲ. ಇದರಲ್ಲಿ ಕುದುರೆಯನ್ನು ಕೆಡಿಸಿದವರೆಲ್ಲ ಕುದುರೆ ಬಲ್ಲವರೇ. ಕೊನೆಯಲ್ಲಿ, ಸಾಲದಲ್ಲಿ ಮುಳುಗಿ ಊದಿಕೊಂಡ ಮುದಿ ಸೆರ್ಪುಖೊವ್‌ಸ್ಕೊಯ್ ಅತಿಥಿಯಾಗಿ ಬರುತ್ತಾನೆ. ಆತಿಥೇಯ ತನ್ನ ಕುದುರೆಗಳನ್ನು ಒಂದೊಂದಾಗಿ ತೋರಿಸುತ್ತಾನೆ. ಮಂದೆಯಲ್ಲಿ ನಿಂತ ಖೋಲ್ಸ್ತೊಮೆರ್ ಹಳೆಯ ಯಜಮಾನನ ಗುರುತು ಹಿಡಿದು ಬಡಕಲು ದನಿಯಲ್ಲಿ ಹೇಷಿಸುತ್ತಾನೆ. ಅವನಿಗೆ ಗುರುತು ಸಿಗುವುದಿಲ್ಲ. ಆ ರಾತ್ರಿ ಮದ್ಯದ ಬಟ್ಟಲು ಮುಂದಿಟ್ಟುಕೊಂಡು, ತನ್ನ ಬಳಿ ಒಂದು ಕಾಲದಲ್ಲಿ ಮಚ್ಚೆ ಕುದುರೆಯೊಂದಿತ್ತು, ಅದರಂಥ ಟ್ರಾಟರ್ ಇನ್ನೊಂದಿಲ್ಲ ಎಂದು ಕೊಚ್ಚಿಕೊಳ್ಳುತ್ತಾನೆ. ಆತಿಥೇಯನಿಗೋ ತನ್ನ ಕುದುರೆಗಳ ಬಗ್ಗೆ ಹೇಳುವ ಆತುರ.