ಮಾರ್ಮನ್ ಆದ್ಯವಲಸಿಗರ ವಂಶೇತಿಹಾಸ : ಆಕರಗಳ ಪರಾಮರ್ಶೆ

1

ಒಂದೇ ಮಾತೃಕೆಯಿಂದ ಇಳಿದ ನೂರು ಪ್ರತಿಗಳು ನೂರು ಸಾಕ್ಷಿಗಳಾಗಲಾರವೆಂಬುದು ಗ್ರಂಥಸಂಪಾದನ ಶಾಸ್ತ್ರದ ಮೊದಲ ಪಾಠ. ಈ ನಿಯಮ ತಾಳೆಯೋಲೆಗೂ ಕಡತಕ್ಕೂ ಮಾತ್ರ ಸೀಮಿತವಾದುದಲ್ಲ. ಬರೆಹದ ಜಾಡು ಹಿಡಿದು ಪೂರ್ವಿಕರನ್ನು ಅರಸುವ ಎಲ್ಲ ಪ್ರಯತ್ನಗಳಿಗೂ ಅನ್ವಯಿಸತಕ್ಕದ್ದು. ಅಂತಹ ಪ್ರಯತ್ನಗಳಲ್ಲಿ ಅತ್ಯಂತ ವಿಸ್ತಾರವಾದವುಗಳಲ್ಲಿ ಒಂದು ಅಮೆರಿಕದ ಮಾರ್ಮನ್ ಸಮಾಜದ್ದು. ಆ ಸಮಾಜದ ಆದ್ಯವಲಸಿಗರ ವೃತ್ತಾಂತಗಳು ಹಸ್ತಪ್ರತಿಗಳ ಅಭ್ಯಾಸಿಗಳಿಗೆ ವಿಚಾರಣೀಯವಾಗುವುದಕ್ಕೆ ವಿಶೇಷ ಕಾರಣವುಂಟು. ಅಲ್ಲಿ ಘಟನೆಯ ದಿನವೇ ಬರೆದ ಮೂಲವೂ, ಅದರ ಮೇಲೆ ಮುಂದೆ ಬೆಳೆದ ಪಾಠವೂ ಅನೇಕ ವೇಳೆ ಜೊತೆಯಾಗಿ ಉಳಿದುಬಂದಿವೆ. ಪ್ರಾಚೀನ ಗ್ರಂಥಗಳಲ್ಲಿ ಊಹೆಯಿಂದ ಗುರುತಿಸಬೇಕಾದ ಪ್ರಕ್ಷೇಪವನ್ನು ಅಲ್ಲಿ ತಾರೀಖು ಸಹಿತ ತೋರಿಸಲು ಸಾಧ್ಯವಿದೆ.

ಮಾರ್ಮನ್ನರೆಂದು ರೂಢಿಯಲ್ಲಿ ಕರೆಯಲ್ಪಡುವ ‘ಅಂತ್ಯದಿನಗಳ ಸಂತರ’ ಸಭೆಯನ್ನು ಜೋಸೆಫ್ ಸ್ಮಿತ್ ನ್ಯೂಯಾರ್ಕ್ ಸಂಸ್ಥಾನದಲ್ಲಿ 1830ರ ಏಪ್ರಿಲ್ 6ರಂದು ಸ್ಥಾಪಿಸಿದನು. ನಡೆದುದನ್ನು ಬರೆದಿಡಬೇಕೆಂಬ ಆದೇಶವೂ ಅದೇ ದಿನ ಹೊರಟಿತೆಂದು ಅವರ ಗ್ರಂಥಗಳು ಹೇಳುತ್ತವೆ. 1844ರಲ್ಲಿ ಇಲಿನಾಯ್ ಸಂಸ್ಥಾನದಲ್ಲಿ ಸ್ಮಿತ್‌ನ ಕೊಲೆಯಾಯಿತು. 1846ರ ಫೆಬ್ರವರಿಯಲ್ಲಿ ಅನುಯಾಯಿಗಳು ನಾವೂ ಪಟ್ಟಣವನ್ನು ಬಿಟ್ಟು ಪಶ್ಚಿಮಕ್ಕೆ ಹೊರಟರು. 1847ರ ಜುಲೈ ತಿಂಗಳಲ್ಲಿ ಬ್ರಿಗಮ್ ಯಂಗ್‌ನ ಮೊದಲ ತಂಡ ಇಂದಿನ ಯೂಟಾ ಸಂಸ್ಥಾನದ ಸಾಲ್ಟ್ ಲೇಕ್ ಕಣಿವೆಯನ್ನು ತಲಪಿತು. 1869ರಲ್ಲಿ ರೈಲುಮಾರ್ಗ ಪೂರ್ಣಗೊಳ್ಳುವವರೆಗೆ ಎತ್ತಿನ ಬಂಡಿಗಳಲ್ಲಿಯೂ ಕೈಬಂಡಿಗಳನ್ನೆಳೆದೂ ಆ ದಾರಿಯನ್ನು ಕ್ರಮಿಸಿದವರು 60,000ಕ್ಕೂ ಮಿಕ್ಕವರು. ಇವರೇ ಆದ್ಯವಲಸಿಗರು. ಇವರ ಸಂತತಿಯವರಿಗೆ ವಂಶಶೋಧನೆ ಬರಿಯ ಕುತೂಹಲವಲ್ಲ. ಮೃತರಾದ ಪೂರ್ವಿಕರ ಪರವಾಗಿ ಬದುಕಿರುವವರು ದೇವಾಲಯದಲ್ಲಿ ಸಂಸ್ಕಾರಗಳನ್ನು ನೆರವೇರಿಸಬೇಕೆಂಬುದು ಅವರ ಮತ. ಅದಕ್ಕೆ ಹೆಸರು, ತಾರೀಖು, ಸ್ಥಳ, ಸಂಬಂಧ ಇವುಗಳ ನಿಶ್ಚಯ ಅವಶ್ಯಕ. ಆದುದರಿಂದ ಆಕರಗಳ ಶುದ್ಧಿ ಅಲ್ಲಿ ಪಾಂಡಿತ್ಯದ ವಿಷಯವಾಗಿರುವಷ್ಟೇ ಧರ್ಮದ ವಿಷಯವೂ ಆಗಿದೆ.

2

ಆಕರಗಳ ಸಂಪತ್ತು ಬೆರಗುಗೊಳಿಸುವಂತಹುದು. 1894ರಲ್ಲಿ ಯೂಟಾ ವಂಶಾವಳಿ ಸಂಘ ಸ್ಥಾಪಿತವಾಯಿತು; 1938ರಿಂದ ನಾನಾ ದೇಶಗಳ ದಾಖಲೆಗಳನ್ನು ಸೂಕ್ಷ್ಮಚಿತ್ರಸುರುಳಿಗಳಲ್ಲಿ ಸೆರೆಹಿಡಿಯುವ ಕೆಲಸ ಮೊದಲಾಯಿತು. ಸುರುಳಿಗಳ ಮೂಲಪ್ರತಿಗಳನ್ನು ಸಾಲ್ಟ್ ಲೇಕ್ ನಗರದ ಬಳಿಯ ಬೆಟ್ಟದಲ್ಲಿ ಬಂಡೆ ಕೊರೆದು ನಿರ್ಮಿಸಿದ ಭಂಡಾರದಲ್ಲಿ ಇರಿಸಲಾಗಿದೆ. ಸುಮಾರು 24 ಲಕ್ಷ ಸುರುಳಿಗಳನ್ನು ಗಣಕಯಂತ್ರಕ್ಕೆ ಅಳವಡಿಸುವ ಕಾರ್ಯ 2021ರಲ್ಲಿ ಮುಗಿಯಿತು. ಮೂಲವನ್ನು ಕಾಪಾಡುವ ಈ ಶ್ರದ್ಧೆಗೆ ಎಣೆಯಿಲ್ಲ.

ಆದರೆ ವಂಶಶೋಧಕನ ಕೈಗೆ ಮೊದಲು ಬರುವುದು ಮೂಲವಲ್ಲ. ‘ಯೂಟಾ ಆದ್ಯವಲಸಿಗರ ಪುತ್ರಿಯರು’ ಎಂಬ ಸಂಘ 1901ರಲ್ಲಿ ಹುಟ್ಟಿತು. ಅದರ ಆಶ್ರಯದಲ್ಲಿ ಕೇಟ್ ಕಾರ್ಟರ್ ಸಂಪಾದಿಸಿದ ಸಂಪುಟಗಳಲ್ಲಿಯೂ, ಮನೆಮನೆಗಳಲ್ಲಿ ಬೆರಳಚ್ಚಾಗಿ ಹಂಚಿಹೋದ ಜೀವನಚರಿತ್ರೆಗಳಲ್ಲಿಯೂ ಇರುವುದು ಬಹುಮಟ್ಟಿಗೆ ಮಕ್ಕಳು ಮೊಮ್ಮಕ್ಕಳು ಬರೆದ ಪಾಠ. ಒಂದು ಮನೆಯ ಬರೆಹ ಸಂಪುಟಕ್ಕೆ ಸೇರಿ, ಸಂಪುಟದಿಂದ ಮತ್ತೊಂದು ಮನೆಯ ಬರೆಹಕ್ಕೆ ಇಳಿದು, ಈಗ ಯಾರೂ ತಿದ್ದಬಹುದಾದ ಗಣಕಯಂತ್ರದ ವಂಶವೃಕ್ಷದಲ್ಲಿ ನೆಲೆಗೊಳ್ಳುತ್ತದೆ. ಹತ್ತು ಕಡೆ ಕಂಡ ಸಂಗತಿ ಹತ್ತು ಸಲ ದೃಢಪಟ್ಟಿತೆಂಬ ಭ್ರಮೆ ಉಂಟಾಗುವುದು ಇಲ್ಲಿಯೇ.

3

ದಿನಚರಿಗೂ ಸ್ಮರಣೆಗೂ ಇರುವ ಅಂತರವನ್ನು ತೋರಿಸಲು ವಿಲ್‌ಫರ್ಡ್ ವುಡ್ರಫ್‌ನ ನಿದರ್ಶನ ಸಾಕು. 1847ರ ಜುಲೈ 24ರಂದು ಜ್ವರದಿಂದ ಬಳಲುತ್ತಿದ್ದ ಬ್ರಿಗಮ್ ಯಂಗ್ ಕಣಿವೆಯನ್ನು ಕಂಡದ್ದು ವುಡ್ರಫ್‌ನ ಗಾಡಿಯಲ್ಲಿ ಮಲಗಿ. ಆ ದಿನದ ದಿನಚರಿಯಲ್ಲಿ ವುಡ್ರಫ್, ಯಂಗ್ ಆ ನೆಲೆಯನ್ನು ಕಂಡು ಪೂರ್ಣ ತೃಪ್ತಿಯನ್ನು ವ್ಯಕ್ತಪಡಿಸಿದನೆಂದಷ್ಟೇ ಬರೆದಿದ್ದಾನೆ. ಇಂದು ಶಾಲೆಯ ಮಕ್ಕಳೂ ಬಲ್ಲ, ಇದೇ ತಕ್ಕ ಸ್ಥಳವೆಂಬ ಅರ್ಥದ ಉದ್ಗಾರವು 33 ವರ್ಷಗಳ ಅನಂತರ, 1880ರ ಉತ್ಸವಭಾಷಣದಲ್ಲಿ ಅದೇ ವುಡ್ರಫ್‌ನ ಬಾಯಿಂದ ಬಂದುದು.

ಇಲ್ಲಿ ಎರಡೂ ಪಾಠಗಳ ಕರ್ತೃ ಒಬ್ಬನೇ. ಹಾಗೆಂದು ವುಡ್ರಫ್ ಸುಳ್ಳು ನುಡಿದನೆಂದು ತೀರ್ಮಾನಿಸುವುದು ದುಡುಕು. ಆ ದಿನ ಕೇಳಿದ ಮಾತನ್ನು ಬರೆಯದೆ ಬಿಟ್ಟಿರಬಹುದು. ಇಲ್ಲವೆ ಅಂದಿನ ತೃಪ್ತಿಯೇ ವರ್ಷಗಳು ಕಳೆದಂತೆ ವಾಕ್ಯರೂಪವನ್ನು ತಾಳಿರಬಹುದು. ವಿಮರ್ಶಕನು ಹೇಳಬಹುದಾದುದು ಇಷ್ಟೆ: ತೃಪ್ತಿ 1847ರ ಪಾಠ, ಉದ್ಗಾರ 1880ರ ಪಾಠ. ಎರಡನ್ನೂ ಒಂದೇ ಸಾಲಿನಲ್ಲಿ ಬರೆದು 1847ರ ತಾರೀಖು ಹಾಕುವುದು ಮಾತ್ರ ಸಂಪಾದನದೋಷ.

4

ಪಾಠವೃದ್ಧಿಯ ಇನ್ನೂ ಗಂಭೀರವಾದ ಪ್ರಸಂಗ ಸ್ವೀಟ್‌ವಾಟರ್ ನದಿಯದು. 1856ರಿಂದ 1860ರವರೆಗೆ ಹತ್ತು ತಂಡಗಳಲ್ಲಿ ಸುಮಾರು 3,000 ಮಂದಿ ಕೈಬಂಡಿಗಳನ್ನೆಳೆದುಕೊಂಡು ನಡೆದರು. 1856ರಲ್ಲಿ ತಡವಾಗಿ ಹೊರಟ ವಿಲ್ಲಿ ಮತ್ತು ಮಾರ್ಟಿನ್ ತಂಡಗಳು ಇಂದಿನ ವಯೋಮಿಂಗ್ ಪ್ರದೇಶದಲ್ಲಿ ಹಿಮಕ್ಕೆ ಸಿಕ್ಕಿ, ಹಸಿವಿನಿಂದಲೂ ಚಳಿಯಿಂದಲೂ ಸುಮಾರು 200 ಜನರನ್ನು ಕಳೆದುಕೊಂಡವು. ಸಾಲ್ಟ್ ಲೇಕ್‌ನಿಂದ ಬಂದ ರಕ್ಷಕರು ನವೆಂಬರ್ 4ರಂದು ಮಾರ್ಟಿನ್ ತಂಡವನ್ನು ಹಿಮಗಡ್ಡೆ ತೇಲುತ್ತಿದ್ದ ಸ್ವೀಟ್‌ವಾಟರ್ ನದಿಯನ್ನು ದಾಟಿಸಿದರು.

ಇದರ ಪ್ರಸಿದ್ಧ ಪಾಠ 1914ರಲ್ಲಿ ಸಭೆಯ ಮಾಸಪತ್ರಿಕೆಯೊಂದರಲ್ಲಿ ಸಾಲೊಮನ್ ಕಿಂಬಲ್ ಬರೆದ ಲೇಖನದ್ದು. ಅದರ ಪ್ರಕಾರ ಹದಿನೆಂಟು ವರ್ಷದ ಮೂವರು ತರುಣರು ತಂಡದ ಹೆಚ್ಚುಕಡಮೆ ಎಲ್ಲರನ್ನೂ ಹೊತ್ತು ದಾಟಿಸಿದರು. ಆ ಶ್ರಮದ ಫಲವಾಗಿ ಮೂವರೂ ಮುಂದೆ ಮರಣಹೊಂದಿದರು. ಇದನ್ನು ಕೇಳಿದ ಬ್ರಿಗಮ್ ಯಂಗ್ ಕಣ್ಣೀರಿಟ್ಟು, ಈ ಒಂದು ಕಾರ್ಯವೇ ಅವರಿಗೆ ಸದ್ಗತಿಯನ್ನು ದೊರಕಿಸುವುದೆಂದು ಸಾರಿದನು. ಘಟನೆಗೂ ಬರೆಹಕ್ಕೂ ನಡುವೆ 58 ವರ್ಷಗಳು ಸಂದಿದ್ದವು. ಲೇಖಕನು ಆ ತರುಣರಲ್ಲೊಬ್ಬನಾದ ಡೇವಿಡ್ ಕಿಂಬಲ್‌ನ ಸಹೋದರ. ಘಟನೆ ನಡೆದಾಗ ಇನ್ನೂ ಬಾಲಕ. ಅನಂತರದ ಗ್ರಂಥಗಳೂ ಉಪದೇಶಗಳೂ ಮನೆತನದ ಚರಿತ್ರೆಗಳೂ ಬಹುಪಾಲು ಈ ಒಂದೇ ಮಾತೃಕೆಯ ಪ್ರತಿಗಳು.

ಚಾಡ್ ಆರ್ಟನ್ 2006ರಲ್ಲಿ ಪ್ರಕಟಿಸಿದ ಸಂಶೋಧನೆ ಈ ಪಾಠವನ್ನು ಹಿಂದಿನ ಆಕರಗಳೊಡನೆ ಹೋಲಿಸಿ ನೋಡಿತು. ನೀರಿಗಿಳಿದು ನೆರವಾದವರು ಮೂವರಿಗಿಂತ ಹೆಚ್ಚು. ಎಲ್ಲರನ್ನೂ ಹೊತ್ತು ದಾಟಿಸಲಿಲ್ಲ. ತಾವಾಗಿ ನೀರಿನಲ್ಲಿ ನಡೆದು ದಾಟಿದವರೂ ಇದ್ದರು. ಹೆಸರಿಸಿದವರ ವಯಸ್ಸು ಒಂದೇ ಆಗಿರಲಿಲ್ಲ. ಡೇವಿಡ್ ಕಿಂಬಲ್ ಬದುಕಿದ್ದುದು 1883ರವರೆಗೆ. ಆಲನ್ ಹಂಟಿಂಗ್ಟನ್ 1896ರವರೆಗೆ, ಅಂದರೆ ನದಿ ದಾಟಿದ ಮೇಲೆ ನಾಲ್ವತ್ತು ವರ್ಷ.

ಇದರಿಂದ ನಷ್ಟವಾದುದೇನು ಎಂಬ ಪ್ರಶ್ನೆಯನ್ನು ಎದುರಿಸಲೇಬೇಕು. ಮೂವರ ಸಾಹಸ ಸ್ವಲ್ಪವೂ ಕುಂದಲಿಲ್ಲ. ಆ ನೀರಿಗೆ ಒಮ್ಮೆ ಇಳಿದವನೂ ವೀರನೇ. ವಾಸ್ತವದಲ್ಲಿ ನಷ್ಟ ಉಂಟಾಗಿದ್ದುದು 1914ರ ಪಾಠದಿಂದ. ಮೂವರನ್ನು ಎತ್ತರಿಸುವ ಭರದಲ್ಲಿ ಅವರ ಪಕ್ಕದಲ್ಲಿ ಅದೇ ನೀರಿನಲ್ಲಿ ನಿಂತವರ ಹೆಸರುಗಳು ಅಳಿಸಿಹೋದವು; ಹರಿದ ಪಾದರಕ್ಷೆಯಲ್ಲಿ ತಾನಾಗಿ ದಾಟಿದ ಬಡ ವಲಸಿಗನ ಹೆಜ್ಜೆ ಅಳಿಸಿಹೋಯಿತು. ಅಳಿದುಹೋದವರಿಗೂ ಮೊಮ್ಮಕ್ಕಳಿದ್ದಾರೆ. ಅತಿಶಯೋಕ್ತಿ ನಿರಪಾಯವಾದ ಅಲಂಕಾರವೆಂದು ಭಾವಿಸುವವರು ಈ ಅಂಶವನ್ನು ಮರೆಯುತ್ತಾರೆ.

5

ಹಾಗಾದರೆ ದಿನಚರಿಯೇ ಪ್ರಮಾಣ, ಸ್ಮರಣೆ ಅಪ್ರಮಾಣವೆಂಬ ಸರಳಸೂತ್ರಕ್ಕೆ ಬರಬಹುದೆ? ಆಕರಗಳೇ ಇದನ್ನು ಒಪ್ಪುವುದಿಲ್ಲ. ದಾರಿಯಲ್ಲಿ ಲೇಖನಿ ಹಿಡಿಯಲು ಬಿಡುವಿದ್ದವರು ಹೆಚ್ಚಾಗಿ ಗಂಡಸರು, ಅದರಲ್ಲಿಯೂ ತಂಡದ ಅಧಿಕಾರಿಗಳು. ಹೆಂಗಸರ ಮಾತು ಎಷ್ಟೋ ಸಲ ಮುಪ್ಪಿನ ಸ್ಮರಣೆಯಾಗಿ ಮಾತ್ರ ಉಳಿದಿದೆ. ಮಾರ್ಟಿನ್ ತಂಡದಲ್ಲಿ ನಡೆದ ಪೇಷೆನ್ಸ್ ಲೋಡರ್ ದಶಕಗಳ ಮೇಲೆ ಬರೆದ ನೆನಪುಗಳನ್ನು ಕೈಬಿಟ್ಟರೆ, ಆ ಪ್ರಯಾಣದಲ್ಲಿಯೇ ತಂದೆಯನ್ನು ಕಳೆದುಕೊಂಡ ಒಂದು ಕುಟುಂಬದ ಒಳಗಿನ ದನಿಯೇ ಕೇಳದಂತಾಗುತ್ತದೆ.

ಲೀವೈ ಸ್ಯಾವೇಜ್‌ನ ಪ್ರಕರಣ ಇನ್ನೂ ಸೂಕ್ಷ್ಮವಾದುದು. ಮತಪ್ರಚಾರಕ್ಕಾಗಿ 1853ರಲ್ಲಿ ಕಲ್ಕತ್ತೆಯ ಮಾರ್ಗವಾಗಿ ಬರ್ಮಾದೇಶಕ್ಕೆ ಹೋಗಿ, ಹಿಂದಿರುಗುವಾಗ ವಿಲ್ಲಿ ತಂಡವನ್ನು ಸೇರಿದವನು ಈತ. 1856ರ ಆಗಸ್ಟ್‌ನಲ್ಲಿ ನೆಬ್ರಾಸ್ಕದ ಫ್ಲಾರೆನ್ಸ್‌ನಲ್ಲಿ ಕೂಡಿದ ಸಭೆಯಲ್ಲಿ, ಇಷ್ಟು ತಡವಾಗಿ ಹೊರಟರೆ ಅನಾಹುತ ತಪ್ಪದೆಂದು ಎಚ್ಚರಿಸಿದನು. ಎಚ್ಚರಿಕೆಯನ್ನೂ, ಅದಕ್ಕಾಗಿ ತಾನು ಆಕ್ಷೇಪಣೆಗೆ ಗುರಿಯಾದುದನ್ನೂ ದಿನಚರಿಯಲ್ಲಿ ಗುರುತಿಸಿದ್ದಾನೆ. ಆದರೆ ಹೊರಡುವುದೇ ನಿಶ್ಚಯವಾದ ಮೇಲೆ ತಾನೂ ಜೊತೆಯಲ್ಲಿ ಬಂದು ಕಷ್ಟವನ್ನು ಹಂಚಿಕೊಳ್ಳುವೆನೆಂದು ನುಡಿದನೆಂಬ ವೃತ್ತಾಂತ ದೊರೆಯುವುದು ಜಾನ್ ಚಿಸ್ಲೆಟ್‌ನ ಬರೆಹದಲ್ಲಿ. ಅದು 1873ರಲ್ಲಿ ಅಚ್ಚಾಯಿತು. ಚಿಸ್ಲೆಟ್ ಅದೇ ತಂಡದಲ್ಲಿ ನಡೆದವನು. ಆದರೆ ಬರೆಯುವ ವೇಳೆಗೆ ಸಭೆಯನ್ನು ತೊರೆದಿದ್ದನು. ಮತವನ್ನು ಬಿಟ್ಟವನ ಸಾಕ್ಷ್ಯವೇ ಮತನಿಷ್ಠನೊಬ್ಬನ ಔದಾರ್ಯವನ್ನು ಕಾಪಾಡಿದೆ. ಹೊಗಳಿ ಪಡೆಯಬೇಕಾದುದೇನೂ ಇಲ್ಲದವನ ಹೊಗಳಿಕೆಗೆ ತೂಕ ಹೆಚ್ಚು. ಸಾಕ್ಷಿ ಎಷ್ಟು ತಡವಾಗಿ ಬರೆದನೆಂಬುದರೊಡನೆ ಯಾವ ಉದ್ದೇಶದಿಂದ ಬರೆದನೆಂಬುದನ್ನೂ ಕೇಳಬೇಕೆಂಬುದಕ್ಕೆ ಇದು ಒಳ್ಳೆಯ ನಿದರ್ಶನ.

6

ಬಂಧುವಾಚಕ ಶಬ್ದಗಳಲ್ಲಿಯೂ ತೊಡಕುಗಳಿವೆ. 1894ಕ್ಕೆ ಹಿಂದೆ ಅನೇಕರು ದೇವಾಲಯದ ಸಂಸ್ಕಾರದ ಮೂಲಕ ಸಭೆಯ ನಾಯಕರಿಗೆ ದತ್ತುಪುತ್ರರಾಗುತ್ತಿದ್ದರು, ಜಾನ್ ಡಿ. ಲೀ ಬ್ರಿಗಮ್ ಯಂಗ್‌ಗೆ ಹೀಗೆ ಮಗನಾದವನು. ಆ ಕಾಲದ ಕಾಗದಗಳಲ್ಲಿ ಬರುವ ‘ತಂದೆ’ ಎಂಬ ಶಬ್ದವನ್ನು ರಕ್ತಸಂಬಂಧವೆಂದು ತಿಳಿಯುವುದು ಪಟ್ಟಾವಳಿಯನ್ನು ವಂಶಾವಳಿಯೆಂದು ಭ್ರಮಿಸಿದಂತೆ. 1894ರಲ್ಲಿ ಸಭೆಯ ಅಧ್ಯಕ್ಷನಾಗಿದ್ದ ವುಡ್ರಫ್ ಈ ಪದ್ಧತಿಯನ್ನು ನಿಲ್ಲಿಸಿ, ಪ್ರತಿಯೊಬ್ಬನೂ ಸ್ವಂತ ತಂದೆತಾಯಿಗಳ ವಂಶವನ್ನೇ ಸಾಧ್ಯವಾದಷ್ಟು ಹಿಂದಕ್ಕೆ ಅರಸಬೇಕೆಂದು ವಿಧಿಸಿದನು. ಬಹುಪತ್ನೀತ್ವದ ಮನೆತನಗಳಲ್ಲಿ ತೊಡಕು ಬೇರೆ ಬಗೆಯದು. 1882ರ ಕಾಯಿದೆಯ ಅನಂತರ ಬಂಧನದ ಭಯದಿಂದ ಪತ್ನಿಯರು ಹೆಸರು ಮರೆಸಿ ಬಾಳಿದುದುಂಟು. ಒಬ್ಬಳೇ ಪತ್ನಿಯನ್ನು ಕಾಣಿಸುವ ಪತ್ರ ಸಂಕ್ಷೇಪವೋ ಮರೆಯೋ ಎಂಬುದನ್ನು ಪರಿಶೀಲಿಸದೆ ನಂಬಲಾಗದು.

ಶಿಲೆಯ ಮೇಲಿದ್ದ ಮಾತ್ರಕ್ಕೆ ಪಾಠ ಪೂರ್ಣವಾಗುವುದಿಲ್ಲ. 1847ರ ಮೊದಲ ತಂಡದಲ್ಲಿ ಗ್ರೀನ್ ಫ್ಲೇಕ್, ಹಾರ್ಕ್ ಲೇ, ಆಸ್ಕರ್ ಕ್ರಾಸ್ಬಿ ಎಂಬ ಮೂವರು ಕರಿಯ ಗುಲಾಮರಿದ್ದರು. ಸಾಲ್ಟ್ ಲೇಕ್ ನಗರದ ಬ್ರಿಗಮ್ ಯಂಗ್ ಸ್ಮಾರಕದ ಫಲಕ ಅವರನ್ನು ಪ್ರತ್ಯೇಕಿಸಿ ‘ಸೇವಕರು’ ಎಂದು ಕರೆದಿದೆ. ಸ್ವತಂತ್ರ ಸೇವಕನಿಗೂ ಗುಲಾಮನಿಗೂ ಇರುವ ಅಂತರ ಆ ಒಂದು ಶಬ್ದದಲ್ಲಿ ಮರೆಯಾಯಿತು. 2022ರಲ್ಲಿ ಅದೇ ನಗರದಲ್ಲಿ ಕರಿಯ ವಲಸಿಗರಿಗಾಗಿಯೇ ಸ್ಮಾರಕವೊಂದು ಸ್ಥಾಪಿತವಾಯಿತು.

7

ವಂಶೇತಿಹಾಸಕಾರನ ಧರ್ಮಸಂಕಟವನ್ನು ಅತ್ಯಂತ ನಿಷ್ಠುರವಾಗಿ ಅನುಭವಿಸಿದವರು ಜುವಾನಿಟಾ ಬ್ರೂಕ್ಸ್. 1857ರ ಸೆಪ್ಟೆಂಬರ್ 11ರಂದು ದಕ್ಷಿಣ ಯೂಟಾದ ಮೌಂಟನ್ ಮೆಡೋಸ್ ಎಂಬಲ್ಲಿ, ಕ್ಯಾಲಿಫೋರ್ನಿಯಕ್ಕೆ ಹೊರಟಿದ್ದ ಸುಮಾರು 120 ಮಂದಿ ಪ್ರಯಾಣಿಕರನ್ನು ಮಾರ್ಮನ್ ಸೇನಾದಳದವರು ಕೆಲವು ಸ್ಥಳೀಯ ಇಂಡಿಯನ್ನರೊಡಗೂಡಿ ಕೊಂದರು. ಉಳಿದವರು 17 ಶಿಶುಗಳು ಮಾತ್ರ. ಶಿಕ್ಷೆಗೊಳಗಾದವನು ಲೀ ಒಬ್ಬನೇ, 1877ರಲ್ಲಿ.

ಬ್ರೂಕ್ಸ್ ತರುಣ ಶಿಕ್ಷಕಿಯಾಗಿದ್ದಾಗ ನೀಫೈ ಜಾನ್ಸನ್ ಎಂಬ ವೃದ್ಧನು ತನ್ನ ಕಣ್ಣು ಕಂಡುದನ್ನು ಬರೆದುಕೊಳ್ಳಬೇಕೆಂದು ಅವರನ್ನು ಬೇಡಿದನು. ಕೆಲಸಗಳ ನಡುವೆ ಅದು ಮುಂದಕ್ಕೆ ಹೋಯಿತು. 1919ರಲ್ಲಿ ಕರೆ ಬಂದು ಹೋದಾಗ ಆತ ಮರಣಶಯ್ಯೆಯಲ್ಲಿ ರಕ್ತ ರಕ್ತವೆಂದು ಕನವರಿಸುತ್ತಿದ್ದನು. ಆತ ಆ ಹತ್ಯೆಯ ಸ್ಥಳದಲ್ಲಿದ್ದವನೆಂಬುದು ಅವರಿಗೆ ತಿಳಿದುದು ಆಮೇಲೆ. 1942ರಲ್ಲಿ ಅವರು ತಮ್ಮ ಅಜ್ಜ ಡಡ್ಲಿ ಲೆವಿಟ್‌ನ ಚರಿತ್ರೆಯನ್ನು ಬರೆದರು. ಆ ಅಜ್ಜನ ಹೆಸರೂ ಹತ್ಯೆಯೊಡನೆ ತಳಕುಹಾಕಿಕೊಂಡಿತ್ತು. ಆದರೂ ಅವರು ಹಿಂಜರಿಯದೆ 1950ರಲ್ಲಿ ಹತ್ಯೆಯ ಸಮಗ್ರ ಇತಿಹಾಸವನ್ನು ಹೊರತಂದು, ಅಪರಾಧ ಲೀ ಒಬ್ಬನದಲ್ಲವೆಂದು ಆಕರಗಳಿಂದ ಸ್ಥಾಪಿಸಿದರು. 1955ರಲ್ಲಿ ಲೀಯ ದಿನಚರಿಗಳ ಸಂಪಾದನೆಯಲ್ಲಿಯೂ ಪಾಲುಗೊಂಡರು. ಮತವನ್ನು ತೊರೆಯಲಿಲ್ಲ; ಬಂಧುಗಳನ್ನು ಹಳಿಯಲಿಲ್ಲ. ನೆರೆಹೊರೆಯವರ ಮುನಿಸನ್ನು ಸಹಿಸಿದರು.

8

ಈ ನಿದರ್ಶನಗಳಿಂದ ಹೊರಡುವ ವಿಧಾನ ಕಠಿಣವಾದುದೇನಲ್ಲ. ಪೂರ್ವಿಕನ ಪ್ರತಿಯೊಂದು ಸಂಗತಿಯ ಪಕ್ಕದಲ್ಲಿಯೂ ಅದನ್ನು ಮೊದಲು ಬರೆದವರು ಯಾರು, ಎಷ್ಟು ವರ್ಷಗಳ ಮೇಲೆ, ಕಂಡೋ ಕೇಳಿಯೋ ಎಂಬುದನ್ನು ನಮೂದಿಸಬೇಕು. ಪ್ರತಿಗಳನ್ನು ಎಣಿಸದೆ ಮಾತೃಕೆಗಳನ್ನು ಎಣಿಸಬೇಕು. ದಿನಚರಿಯ ಮೌನವನ್ನು ಮೌನವೆಂದೇ ಓದಬೇಕು. ನಿರಾಕರಣೆಯೆಂದಾಗಲಿ ಸಮ್ಮತಿಯೆಂದಾಗಲಿ ಓದಬಾರದು. ಬೆಳೆದ ಪಾಠವನ್ನು ಹರಿದೆಸೆಯುವುದೂ ಸಲ್ಲದು. ಸಂಪಾದಕನು ಪ್ರಕ್ಷಿಪ್ತ ಪದ್ಯವನ್ನು ಅಡಿಟಿಪ್ಪಣಿಯಲ್ಲಿ ಕಾಪಾಡುವಂತೆ, 1914ರ ಸ್ವೀಟ್‌ವಾಟರ್ ಕಥೆಯೂ ತನ್ನ ತಾರೀಖಿನೊಡನೆ ಉಳಿಯಬೇಕು. ಮೊಮ್ಮಕ್ಕಳು ತಮ್ಮ ಹಿರಿಯರನ್ನು ಹೇಗೆ ಕಾಣಬಯಸಿದರೆಂಬುದಕ್ಕೆ ಅದೂ ಆಕರವೇ. ಆದರೆ ಪುಟದ ಮೇಲ್ಭಾಗದಲ್ಲಿ ಇರತಕ್ಕದ್ದು ಮೂಲಪಾಠ: ತಣ್ಣನೆಯ ನೀರು, ಹೊತ್ತವರು ಹಲವರು, ನಡೆದವರು ಹಲವರು, ಅವರಲ್ಲಿ ಹೆಸರು ಉಳಿದವರು ಕೆಲವರು.